‘ಲಾಗುವುದು’ ಅಂದರೆ ಯಾರು?

ಅಡುಗೆಮನೆಯ ದೀಪ ಎರಡು ಸಲ ಆರಿ ಹೊತ್ತುತ್ತದೆ. ಈ ಮನೆಯಲ್ಲಿ ‘ಇಲ್ಲಿ ನೋಡು’ ಎಂದು ಕರೆಯುವುದು ಹೀಗೆ. ಹೊರಗೆ ಇನ್ನೂ ಬೆಳಕು ಹರಿದಿಲ್ಲ. ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿರುವ ತಾಯಿ ತಲೆ ಎತ್ತುತ್ತಾರೆ. ಸ್ವಿಚ್ಚಿನ ಬಳಿ ನಿಂತ ಮಗಳು ಕಪ್ಪು ಅಂಗಿಯ ತೋಳು ಮಡಿಚಿ, ಎದೆಯ ಮುಂದೆ ಎರಡೂ ಕೈ ಎತ್ತಿ, ಶಾಸನಸಭೆಯಲ್ಲಿ ಆ ದಿನ ನಡೆಯಲಿರುವ ಕಲಾಪದ ತಾಲೀಮನ್ನು ಒಂದಿಷ್ಟೂ ಸದ್ದಿಲ್ಲದೆ ಶುರು ಮಾಡುತ್ತಾರೆ.

ಮೊದಲು ಆರೋಗ್ಯ, ಆಮೇಲೆ ಸಾರಿಗೆ, ಕೊನೆಗೆ ಕಾರ್ಖಾನೆಯ ಚಿಮಣಿ. ಚಿಮಣಿಯ ಹತ್ತಿರ ಬಂದಾಗ ತಾಯಿ ಬಟಾಣಿ ಕೆಳಗಿಟ್ಟು ನಡುವೆ ಕೈ ಹಾಕುತ್ತಾರೆ.

“ನೀನು ತೋರಿಸಿದ್ದು ಮಂಜು. ಹೊಗೆಯಲ್ಲ. ಹೊಗೆ ಅಂದ್ರೆ ಮುಖ ಕಿವಿಚಬೇಕು.”

ಮಗಳು ಮುಖ ಕಿವಿಚುತ್ತಾರೆ.

“ಇನ್ನೂ. ನೀನೇನು ಆ ಫ್ಯಾಕ್ಟರಿಯವರ ಕಡೆಯವಳಾ?”

ತಾಯಿ ಹುಟ್ಟು ಕಿವುಡರು. ಅವರ ಕೈಮಾತನ್ನು, ಇವರ ಬಗ್ಗೆ ಬರೆಯಲು ಬಂದಿರುವ ನನಗೆ ದಾಟಿಸುತ್ತಿರುವವರು ಮಗಳೇ. ತನ್ನನ್ನು ಬೈದದ್ದನ್ನೂ ಒಂದಕ್ಷರ ಬಿಡದೆ ದಾಟಿಸುತ್ತಾರೆ. “ಕೈಯಲ್ಲಿ ಚಾಕು ಇದ್ದಾಗ ಮಾತಾಡೋಕಾಗಲ್ಲ, ಮಾತಾಡೋವಾಗ ತರಕಾರಿ ಹೆಚ್ಚೋಕಾಗಲ್ಲ. ಅದಕ್ಕೇ ನಮ್ಮನೇಲಿ ಅಡುಗೆ ಯಾವತ್ತೂ ತಡ” ಎಂದು ನಗುತ್ತಾರೆ.

ಶಾಸನಸಭೆಯ ನೇರ ಪ್ರಸಾರ ನೋಡುವವರು ಇವರನ್ನು ಕಂಡೇ ಇರುತ್ತಾರೆ, ಆದರೆ ನೋಡಿರುವುದಿಲ್ಲ. ಪರದೆಯ ಕೆಳಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಚೌಕ, ಅದರೊಳಗೆ ಕಪ್ಪು ಅಂಗಿ ತೊಟ್ಟು ಕೈಯಾಡಿಸುವ ಒಬ್ಬ ಹೆಂಗಸು. ಸದನದಲ್ಲಿ ಯಾರು ಏನು ಮಾತಾಡಿದರೂ ಅದನ್ನು ಸಂಜ್ಞಾಭಾಷೆಗೆ ತರುವುದು ಇವರ ಕೆಲಸ. ಕಿವುಡರು ಇವರಿಗೊಂದು ಹೆಸರಿಟ್ಟಿದ್ದಾರೆ: ತೋರುಬೆರಳಿನಲ್ಲಿ ಗಾಳಿಯಲ್ಲಿ ಪುಟ್ಟ ಚೌಕ ಬರೆದು, ಅದನ್ನು ಕೆಳಗೆ ಬಲಕ್ಕೆ ತಳ್ಳುವುದು. ಮೂಲೆಯಕ್ಕ.

ಮೂಲೆಯಕ್ಕನ ಕೆಲಸದ ಕೋಣೆ ಸದನದ ನೆಲಮಾಳಿಗೆಯಲ್ಲಿದೆ. ಕಿಟಕಿಯಿಲ್ಲ. ಹಿಂದೆ ನೀಲಿ ಬಟ್ಟೆ, ಮುಂದೆ ಕ್ಯಾಮೆರಾ, ಕಿವಿಗೆ ಹೆಡ್‌ಫೋನು, ಪಕ್ಕದಲ್ಲಿ ಸದನವನ್ನು ತೋರಿಸುವ ಹಳೆಯ ಟೀವಿ. ಬೆರಳಲ್ಲಿ ಉಂಗುರ ಇರಬಾರದು, ಉಗುರಿಗೆ ಬಣ್ಣ ಇರಬಾರದು. ಇಂಥ ಕೆಲಸಕ್ಕೆ ಇಬ್ಬರಿರುತ್ತಾರೆ. ಒಬ್ಬರ ಕೈ ಸೋತಾಗ ಇನ್ನೊಬ್ಬರು ಬರುತ್ತಾರೆ. ಇಲ್ಲಿ ಪ್ರಾಯೋಗಿಕ ವ್ಯವಸ್ಥೆ ಎಂಬ ಕಾರಣಕ್ಕೆ ಒಬ್ಬರನ್ನೇ ತೆಗೆದುಕೊಂಡಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಬಲಭುಜ ಕಲ್ಲಾಗುತ್ತದೆ. ಊಟದ ಬಿಡುವಿನಲ್ಲಿ ಇವರು ಬಿಸಿನೀರಿನ ಚೀಲ ಹೆಗಲಿಗಿಟ್ಟುಕೊಂಡು ಕ್ಯಾಂಟೀನಿಗೆ ಹೋಗುತ್ತಾರೆ. “ಅಲ್ಲಿನವರು ಬಹಳ ದಿನ ನನ್ನನ್ನ ಡ್ಯಾನ್ಸ್ ಟೀಚರ್ ಅಂದ್ಕೊಂಡಿದ್ರು. ಶಾಸಕರಿಗೆ ಯಾಕಪ್ಪಾ ಡ್ಯಾನ್ಸ್ ಅಂತ ತಲೆ ಕೆಡಿಸಿಕೊಂಡಿದ್ರಂತೆ.”

ಅಪ್ಪ ಅಮ್ಮ ಇಬ್ಬರೂ ಕಿವುಡರಾಗಿದ್ದ ಮನೆಯಲ್ಲಿ ಇವರೊಬ್ಬರಿಗೇ ಕಿವಿ ಕೇಳುತ್ತಿತ್ತು. ಅಪ್ಪ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿದ್ದರು; ತೀರಿಕೊಂಡು ವರ್ಷಗಳಾದವು. ಇವರ ಚಿಕ್ಕಂದಿನಲ್ಲಿ ಅಂಗಡಿ, ಶಾಲೆ, ಮನೆ ಮಾಲೀಕರು, ಎಲ್ಲರ ಮಾತನ್ನೂ ದಾಟಿಸುವುದು ಮಗುವಿನ ಪಾಲಿಗೆ ಬಿದ್ದಿತ್ತು. ಒಂದು ದಿನ ಮಾಲೀಕರು ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಬೈದರು. ಅಪ್ಪನಿಗೆ ನೋವಾಗುತ್ತದೆಂದು ಹುಡುಗಿ, “ಊಟ ಆಯ್ತಾ ಅಂತ ಕೇಳ್ತಿದ್ದಾರೆ” ಎಂದು ತೋರಿಸಿದಳು. ಅಪ್ಪ ಸಂತೋಷದಿಂದ ಹೋಗಿ ಮಾಲೀಕರನ್ನು ತಬ್ಬಿಕೊಂಡರು.

“ಆ ಮನುಷ್ಯ ಬೈಯೋದನ್ನ ನಿಲ್ಲಿಸಿಬಿಟ್ರು, ಅದೇನೋ ನಿಜ. ಆದ್ರೆ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ನನ್ನ ಕೈ ನಂಬಿದ್ರು, ನಾನು ಸುಳ್ಳು ಹೇಳಿದೆ. ಆವತ್ತಿಂದ ಬೈಗುಳ ಬಂದ್ರೆ ಬೈಗುಳಾನೇ.”

ಇನ್ನೊಂದು ಘಟನೆಯನ್ನು ಇವರು ನಗದೆ ಹೇಳುತ್ತಾರೆ. ಮಗಳಿಗೆ ಪರೀಕ್ಷೆ ಇದ್ದ ದಿನ ಅಪ್ಪ ಒಬ್ಬರೇ ದೊಡ್ಡಾಸ್ಪತ್ರೆಗೆ ಹೋದರು. ಅಲ್ಲಿ ರೋಗಿಗಳನ್ನು ಹೆಸರು ಕೂಗಿ ಕರೆಯುತ್ತಿದ್ದರು. ಅಪ್ಪನ ಹೆಸರನ್ನೂ ಕೂಗಿರಬೇಕು. ಅವರು ಬಾಗಿಲನ್ನೇ ನೋಡುತ್ತಾ ಕಾರಿಡಾರಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತು, ನೆಲ ಒರೆಸುವವರು ಬಂದಾಗ ಎದ್ದು ಮನೆಗೆ ಬಂದರು. “ಡಾಕ್ಟ್ರು ಏನಂದ್ರು ಅಂತ ಕೇಳಿದೆ. ‘ಇವತ್ತು ನನ್ನ ಸರದಿ ಬರಲಿಲ್ಲ’ ಅಂದ್ರು.” ಹೇಳಿ ಮುಗಿಸಿ ಮೂಲೆಯಕ್ಕ ಅಂಗಿಯ ತೋಳನ್ನು ಸುಮ್ಮನೆ ಇನ್ನೊಂದು ಸಲ ಮಡಿಚುತ್ತಾರೆ.

ಈಗ ಒಬ್ಬ ಶಾಸಕರ ವಿಷಯ. ಮಾತಿಗೆ ಏಳುವ ಮುನ್ನ ಎಡಕಿವಿಯ ತುದಿಯನ್ನು ಹಿಂಡಿಕೊಳ್ಳುವುದು ಅವರ ಅಭ್ಯಾಸ. ಹಾಗಾಗಿ ಕಿವುಡರ ನಡುವೆ ಅವರ ಹೆಸರು ‘ಕಿವಿ ಹಿಂಡೋರು’. ಸದನದಲ್ಲಿ ಹೆಚ್ಚು ಮಾತಾಡುವವರೂ ಅವರೇ, ವೇಗವಾಗಿ ಮಾತಾಡುವವರೂ ಅವರೇ. ಅವರ ನಿಲುವುಗಳು ಊರಿಗೆಲ್ಲ ಗೊತ್ತು. ರಸ್ತೆ ಮೊದಲು ಬಸ್ಸಿನದು, ಆಮೇಲೆ ಕಾರಿನದು. ಬಸ್ಸಿನೊಳಗೆ ಮುಂದಿನ ನಿಲ್ದಾಣದ ಹೆಸರು ಬೆಳಗಬೇಕು. ಕಾರ್ಖಾನೆ ಹೊಗೆಯನ್ನು ಸೋಸಿ ಬಿಡಬೇಕು. ಒಂಟಿ ಮುದುಕರ ಪಿಂಚಣಿ ಮನೆಬಾಗಿಲಿಗೆ ಬರಬೇಕು. ಆಸ್ಪತ್ರೆಯಲ್ಲಿ ಹೆಸರು ಕೂಗುವುದು ನಿಂತು, ಗೋಡೆಯ ಮೇಲೆ ನಂಬರು ಹೊಳೆಯಬೇಕು. “ಸಾರ್ ಎದ್ದು ನಿಂತ್ರೆ ನನ್ನ ಭುಜಕ್ಕೆ ಮೊದಲೇ ಗೊತ್ತಾಗುತ್ತೆ” ಎನ್ನುತ್ತಾರೆ ಮೂಲೆಯಕ್ಕ. “ಆದ್ರೆ ಅವರ ಮಾತು ದಾಟಿಸೋಕೆ ಖುಷಿ. ಬಸ್ಸು ಅಂದ್ರೆ ಬಸ್ಸು, ಹೊಗೆ ಅಂದ್ರೆ ಹೊಗೆ. ಕಣ್ಣಿಗೆ ಕಟ್ಟುತ್ತೆ. ತೊಂದರೆ ಇರೋದು ಕೊನೇ ಸಾಲಲ್ಲಿ.”

ಆ ಕೊನೇ ಸಾಲು ಎಲ್ಲ ಶಾಸಕರದ್ದೂ ಒಂದೇ. ಪರಿಶೀಲಿಸಲಾಗುವುದು. ಕ್ರಮ ಕೈಗೊಳ್ಳಲಾಗುವುದು. ಬರಹದಲ್ಲಿ ಇದು ಗಂಭೀರವಾಗಿ ಕಾಣುತ್ತದೆ, ಕಿವಿಗೂ ಹಿತ. ಕೈಯಲ್ಲಿ ಹೇಳುವುದು ಕಷ್ಟ. ಇವರು ಬಳಸುವ ಸಂಜ್ಞಾಭಾಷೆಯಲ್ಲಿ ‘ಮಾಡು’ ಎಂದು ತೋರಿಸಿದ ಕೂಡಲೇ ಬೆರಳು ಯಾರ ಕಡೆಗಾದರೂ ತಿರುಗಬೇಕು. ನಾನು, ನೀನು, ಅವರು. ‘ಲಾಗುವುದು’ ಎಂಬಲ್ಲಿ ಯಾರೂ ಇಲ್ಲ.

ಈ ಅಧಿವೇಶನದ ಆರಂಭದಲ್ಲಿ, ಆಡಳಿತ ಪಕ್ಷದವರೇ ಆದ ಕಿವಿ ಹಿಂಡೋರು ಆಸ್ಪತ್ರೆಯ ನಂಬರ್ ಬೋರ್ಡಿನ ಬಗ್ಗೆ ಮಾತಾಡಿ, “ಶೀಘ್ರವೇ ಕ್ರಮ ಕೈಗೊಳ್ಳಲಾಗುವುದು” ಎಂದು ಮುಗಿಸಿ ಕೂತರು. ನೆಲಮಾಳಿಗೆಯ ಕೋಣೆಯಲ್ಲಿ ಮೂಲೆಯಕ್ಕನ ಬೆರಳು ಒಂದು ಗಳಿಗೆ ಗಾಳಿಯಲ್ಲಿ ನಿಂತಿತು. ಆಮೇಲೆ ಅದು ಶಾಸಕರ ಪರವಾಗಿ ಎದೆಗೆ ತಿರುಗಿತು: ನಾನು ಮಾಡುತ್ತೇನೆ. ಬೇಗ.

ಮುಂದಿನ ಸೋಮವಾರ ಬೆಳಿಗ್ಗೆ ಶಾಸಕರ ಮನೆಯ ಗೇಟಿನ ಮುಂದೆ ಒಂದು ಗುಂಪು ನಿಂತಿತ್ತು. ಕೂಗಿಲ್ಲ, ಘೋಷಣೆಯಿಲ್ಲ. “ಯಾರೋ ತೀರಿಕೊಂಡಿರಬೇಕು, ಒಳಗಿನವರು ನನಗೆ ಹೇಳಿಲ್ಲ ಅಂದ್ಕೊಂಡೆ” ಎನ್ನುತ್ತಾರೆ ಕಾವಲುಗಾರ. ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದ ಶಾಸಕರನ್ನು ಕಂಡದ್ದೇ ಅಷ್ಟೂ ಜನ ಒಟ್ಟಿಗೆ ಎಡಕಿವಿ ಹಿಂಡಿಕೊಂಡರು. ಇವರು ತಮ್ಮನ್ನು ಅಣಕಿಸಲು ಬಂದವರೆಂದು ತಿಳಿದು ಶಾಸಕರು ಒಳಗೆ ಹೋದರು. ಗುಂಪಿನ ಮುಂದೆ ರಟ್ಟಿನ ತುಂಡು ಹಿಡಿದು ನಿಂತಿದ್ದವರು ಮೂಲೆಯಕ್ಕನ ತಾಯಿ. ರಟ್ಟಿನ ಮೇಲೆ ಬರೆದಿತ್ತು: ‘ನೀವು ಮಾಡ್ತೀನಿ ಅಂದ್ರಿ. ಯಾವಾಗ?’

“ಅಮ್ಮ ಹೋಗೋದು ನನಗೆ ಗೊತ್ತಿರಲಿಲ್ಲ” ಎನ್ನುತ್ತಾರೆ ಮಗಳು.

“ಹೇಳಿದ್ರೆ ಬಿಡ್ತಿದ್ದೆಯಾ?” ಎನ್ನುತ್ತಾರೆ ತಾಯಿ.

ವಿಷಯ ಚಿಕ್ಕದಾಗಿರಲಿಲ್ಲ. ಮೂಲೆಯ ಚೌಕ ಈ ಅಧಿವೇಶನ ಮುಗಿಯುವವರೆಗೆ ಮಾತ್ರ. ಮುಂದೆ ಇರಬೇಕೋ ಬೇಡವೋ ಎಂಬುದು ಕೊನೆಯ ದಿನ ತೀರ್ಮಾನವಾಗುವುದಿತ್ತು. ಅಷ್ಟರಲ್ಲಿ ಶಾಸಕರ ಆಪ್ತ ಸಹಾಯಕ ದೂರು ಕೊಟ್ಟರು. ಪ್ರಸಾರ ವಿಭಾಗದ ಮುಖ್ಯಸ್ಥರ ಕೋಣೆಗೆ ಎಲ್ಲರನ್ನೂ ಕರೆಸಲಾಯಿತು.

“ಸಾರ್ ಹೇಳಿದ್ದು ‘ಕೈಗೊಳ್ಳಲಾಗುವುದು’ ಅಂತ. ಈಯಮ್ಮ ತೋರಿಸಿದ್ದು ‘ನಾನು ಮಾಡ್ತೀನಿ’ ಅಂತ. ಸಾರ್ ಬಾಯಲ್ಲಿ ಇಲ್ಲದ ಮಾತು ತುರುಕಿದ್ದಾರೆ” ಎಂದರು ಸಹಾಯಕ.

“ಹೌದು” ಎಂದರು ಮೂಲೆಯಕ್ಕ. “ತಪ್ಪು ನಂದೇ. ಅವರು ‘ನಾನು’ ಅನ್ನಲಿಲ್ಲ.”

ವಾದಕ್ಕೆ ಸಿದ್ಧರಾಗಿ ಬಂದಿದ್ದ ಸಹಾಯಕರು ತಂದಿದ್ದ ಕಡತವನ್ನು ಮುಚ್ಚಿದರು. ಶಾಸಕರು ಕಿವಿ ಹಿಂಡಿಕೊಂಡರು. “ಹಾಗಾದ್ರೆ ಸರಿಯಾಗಿ ಹೇಗೆ ತೋರಿಸಬೇಕಿತ್ತಮ್ಮ?”

ಮೂಲೆಯಕ್ಕ ಎದ್ದು ನಿಂತು ತೋರಿಸಿದರು. ‘ಮಾಡು.’ ಆಮೇಲೆ ಎರಡೂ ಅಂಗೈ ಮೇಲೆ, ಭುಜ ಮೇಲೆ, ಕಣ್ಣು ಕೋಣೆಯ ಮೂಲೆ ಮೂಲೆಯನ್ನು ಹುಡುಕುತ್ತಾ: ಯಾರು? ಹೇಳಲಿಲ್ಲ.

ಶಾಸಕರು ತಾವೂ ಒಮ್ಮೆ ಅಂಗೈ ಮೇಲೆ ಮಾಡಿ ನೋಡಿದರು. “ಇದನ್ನ ನೋಡಿದ್ರೆ ನನಗೇ ನನ್ನ ಮೇಲೆ ನಂಬಿಕೆ ಬರಲ್ವಲ್ಲಮ್ಮ.”

ಮುಖ್ಯಸ್ಥರ ಆದೇಶ ಎರಡು. ತಪ್ಪನ್ನು ಅದೇ ಚೌಕದಲ್ಲಿ ತಿದ್ದಬೇಕು. ಇನ್ನು ಮುಂದೆ ಯಾರೆಂದು ಹೇಳದ ಕಡೆ ‘ಯಾರು? ಹೇಳಲಿಲ್ಲ’ ಎಂದೇ ತೋರಿಸಬೇಕು. ಮಾರನೆಯ ದಿನ ಮೂಲೆಯಕ್ಕ ಕ್ಯಾಮೆರಾದ ಮುಂದೆ ನಿಂತು, ಶಾಸಕರು ಹಾಗೆ ಹೇಳಿರಲಿಲ್ಲ, ತಪ್ಪು ನನ್ನದು ಎಂದು ಕೈಯಾರೆ ಹೇಳಿದರು. ಸಂಜೆ ಮನೆಗೆ ಬಂದು ದೀಪ ಎರಡು ಸಲ ಆರಿಸಿ ಹಚ್ಚಿದರೆ ತಾಯಿ ತಲೆ ಎತ್ತಲಿಲ್ಲ. ಎದುರಿಗೆ ಹೋಗಿ ಕೂತರೆ ಕಣ್ಣು ಮುಚ್ಚಿಕೊಂಡರು. ಈ ಮನೆಯಲ್ಲಿ ಮಾತು ಬಿಡುವುದೆಂದರೆ ಅದೇ.

“ನನಗೆ ಹೆದರಿಕೆ ಇದ್ದದ್ದು ಕೆಲಸ ಹೋಗುತ್ತೆ ಅಂತಲ್ಲ. ಕಿವುಡರ ಶಾಲೇಲಿ ಪಾಠ ಮಾಡಿಯಾದ್ರೂ ಬದುಕ್ತೀನಿ. ಚೌಕ ಹೋದ್ರೆ, ಅದು ಹೋಗಿದ್ದು ನನ್ನ ಒಂದು ಬೆರಳಿಂದ ಆಗುತ್ತಲ್ಲ.”

ಆ ವಾರದ ಕೊನೆಯಲ್ಲಿ ಆರೋಗ್ಯದ ಚರ್ಚೆ ಮತ್ತೆ ಬಂತು. ಶಾಸಕರು ಎದ್ದರು, ಕಿವಿ ಹಿಂಡಿಕೊಂಡರು. “ಆಸ್ಪತ್ರೆಯ ನಂಬರ್ ಬೋರ್ಡನ್ನು ನಾನು ಹಾಕಿಸುತ್ತೇನೆ” ಎಂದರು. ಕೂರುವ ಮೊದಲು ಕ್ಯಾಮೆರಾದ ಕಡೆ ತಿರುಗಿ, “ನಾನು” ಎಂದು ಇನ್ನೊಂದು ಸಲ ಹೇಳಿದರು. ಮೂಲೆಯಕ್ಕನೂ ಎರಡು ಸಲ ತೋರಿಸಿದರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಬೋರ್ಡು ಈಗ ಆಸ್ಪತ್ರೆಯ ಗೋಡೆಯ ಮೇಲಿದೆ. ಕೆಂಪು ಅಂಕಿಗಳು. ತಾಯಿ ಯಾವ ಕಾಯಿಲೆಯೂ ಇಲ್ಲದೆ ಹೋಗಿ, ಟೋಕನ್ ತೆಗೆದುಕೊಂಡು, ತಮ್ಮ ನಂಬರು ಹೊಳೆಯುವವರೆಗೆ ಅದೇ ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದರು. ಏನು ತೊಂದರೆ ಎಂದು ಡಾಕ್ಟರು ಕೇಳಿದ್ದಕ್ಕೆ, ಕಣ್ಣು ಚೆನ್ನಾಗಿದೆಯಾ ನೋಡಿ ಎಂದು ಚೀಟಿ ಬರೆದುಕೊಟ್ಟರಂತೆ. “ಚೆನ್ನಾಗಿದೆ ಅಂದ್ರು” ಎಂದು ತಾಯಿ ನನಗೆ ಬೆರಳೆತ್ತಿ ತೋರಿಸುತ್ತಾರೆ.

ಎಲ್ಲವೂ ಹೀಗೆ ಮುಗಿದಿಲ್ಲ. ಬಸ್ಸಿನ ಬೆಳಗುವ ಹೆಸರು, ಚಿಮಣಿ, ಪಿಂಚಣಿ ಮೂರೂ ಇನ್ನೂ ‘ಲಾಗುವುದು’ಗಳೇ. ಒಂದೊಂದು ಸಲವೂ ಚೌಕದಲ್ಲಿ ಭುಜ ಏರುತ್ತದೆ, ಕಣ್ಣು ಹುಡುಕುತ್ತದೆ. ಉಳಿದ ಶಾಸಕರಿಗೂ ಇದು ನಾಟತೊಡಗಿದೆ. ಬೇರೆ ಪಕ್ಷದವರೊಬ್ಬರು, “ನನ್ನ ಮಾತಿಗೆ ದಯವಿಟ್ಟು ಭುಜ ಕುಣಿಸಬೇಡಿ” ಎಂದು ಕೆಳಗೆ ಹೇಳಿ ಕಳಿಸಿದ್ದರು. “ಹೆಸರು ಹೇಳಿದ್ರೆ ಕುಣಿಸಲ್ಲ” ಎಂದು ಮೂಲೆಯಕ್ಕ ಮೇಲೆ ಹೇಳಿ ಕಳಿಸಿದರು.

ಕೊನೆಯ ದಿನ ನಾನು ಆ ಕಿಟಕಿಯಿಲ್ಲದ ಕೋಣೆಯಲ್ಲಿ ಗೋಡೆಗೊರಗಿ ನಿಂತಿದ್ದೇನೆ. ಬೆಳಿಗ್ಗೆಯಿಂದ ಮೂಲೆಯಕ್ಕ ಟೀ ಕುಡಿದಿಲ್ಲ. ಸಂಜೆ ಸಭಾಧ್ಯಕ್ಷರು ಪ್ರಕಟಣೆಗಳನ್ನು ಓದತೊಡಗುತ್ತಾರೆ. ಊಟದ ಕೋಣೆಯ ದುರಸ್ತಿ, ವಾಹನ ನಿಲುಗಡೆ. ಎಲ್ಲದಕ್ಕೂ ಕೈ ಒಂದೇ ಸಮ ಓಡುತ್ತದೆ. ಆಮೇಲೆ ಆ ಸಾಲು ಬರುತ್ತದೆ.

“ಸಂಜ್ಞಾಭಾಷೆಯ ಪ್ರಸಾರವನ್ನು ಮುಂದಿನ ಅಧಿವೇಶನಗಳಲ್ಲಿಯೂ ಮುಂದುವರಿಸಲಾಗುವುದು.”

ಕೈ ನಿಲ್ಲುತ್ತದೆ. ಆದೇಶದ ಪ್ರಕಾರ ಭುಜ ಏರಬೇಕು, ಕಣ್ಣು ಹುಡುಕಬೇಕು. ನಾನು ನೋಡುತ್ತಿದ್ದೇನೆ. ಭುಜ ಏರುವುದಿಲ್ಲ. ತೋರುಬೆರಳು ನಿಧಾನವಾಗಿ ತಿರುಗಿ ಕಪ್ಪು ಅಂಗಿಯ ಮೇಲೆ, ಎದೆಯ ನಡುವೆ ಬಂದು ಕೂರುತ್ತದೆ.

ಮೂಲೆಯಕ್ಕ ಕ್ಯಾಮೆರಾದ ದೀಪ ಆರಿಸಿ, ನೀಲಿ ಬಟ್ಟೆ ಮಡಿಚುತ್ತಿರುವಾಗ, ಇನ್ನೇನು ಬೇಕು ಎಂದು ಕೇಳುತ್ತೇನೆ. “ಚೌಕ ಸ್ವಲ್ಪ ದೊಡ್ಡದಾದ್ರೆ ಸಾಕು. ಬಸ್ಸು ಅಂತ ತೋರಿಸುವಾಗ ಮೊಣಕೈ ಹೊರಗೆ ಹೋಗುತ್ತೆ. ಅಮ್ಮ ದಿನಾ ಬೈತಾರೆ, ಅರ್ಧ ಬಸ್ಸು ಎಲ್ಲಿ ಹೋಯ್ತು ಅಂತ.”

ಕೊನೆಗೆ, ಕೇಳಲೋ ಬೇಡವೋ ಎಂದುಕೊಳ್ಳುತ್ತಲೇ ಕೇಳುತ್ತೇನೆ: ಸಭಾಧ್ಯಕ್ಷರು ಯಾರೆಂದು ಹೇಳಲಿಲ್ಲವಲ್ಲ, ಇದೂ ತಪ್ಪೇ ಅಲ್ಲವೇ?

ಮೂಲೆಯಕ್ಕ ಬಿಸಿನೀರಿನ ಚೀಲವನ್ನು ಬುಟ್ಟಿಗೆ ಹಾಕಿಕೊಳ್ಳುತ್ತಾರೆ.

“ಇದು ತಪ್ಪಲ್ಲ. ಬೇಕಿದ್ರೆ ಕಟ್ಟಡವೆಲ್ಲ ಸುತ್ತಿ ವಿಚಾರಿಸಿ ನೋಡಿ. ಈ ಕೆಲಸಕ್ಕೆ ಇಲ್ಲಿ ಬೇರೆ ಯಾರೂ ಇಲ್ಲ.”