ಅಕ್ಕೋರು ಕರೆದ ಹೆಸರು

ಮೊನ್ನೆ ನನ್ನ ಸೊಸೆ ಅಡುಗೆಮನೆಯ ಡಬ್ಬಿಗಳಿಗೆಲ್ಲ ಹೆಸರು ಬರೆಯಲು ಕುಳಿತಳು. ಅಗಸಿ ಹಿಂಡಿ, ಶೇಂಗಾ ಹಿಂಡಿ, ಪುಟಾಣಿ ಹಿಂಡಿ... ದಿನಾ ಮುಚ್ಚಳ ತೆಗೆದು ಯಾವ ಚಟ್ನಿಪುಡಿ ಎಂದು ಮೂಸಿ ನೋಡಿ ಅವಳಿಗೆ ಸಾಕಾಗಿತ್ತಂತೆ. ಕಪ್ಪು ಮಾರ್ಕರ್ ಪೆನ್ನಿನ ಟೊಪ್ಪಿಗೆ ತೆಗೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಚಿತ್ತಾಪುರದ ನಮ್ಮ ಮನೆಯಲ್ಲಿ ಇರಲಿಲ್ಲ. ಹಳೆಯ ಆಸ್ಪತ್ರೆಯ ಲ್ಯಾಬಿನ ಕಲ್ಲುಬೆಂಚಿನ ಮುಂದೆ ನಿಂತಿದ್ದೆ. ಎಡಗೈಯಲ್ಲಿ ರಕ್ತದ ಟ್ಯೂಬು, ಬಲಗೈಯಲ್ಲಿ ಅದೇ ಮಾರ್ಕರ್. ಎದುರಿಗೆ ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದರು ಅಕ್ಕೋರು.

ಮುಖ ತಿರುಗಿಸಿದ್ದು ಯಾಕೆಂದರೆ ಅವರಿಗೆ ಸೂಜಿ ಕಂಡರೆ ಹೆದರಿಕೆ. ಜೀವಮಾನವೆಲ್ಲ ರಕ್ತದಲ್ಲಿರುವ ವೈರಸ್ಸನ್ನೇ ಓದಿದ ಹೆಂಗಸಿಗೆ ರಕ್ತ ತೆಗೆಯುವುದನ್ನು ನೋಡಲು ಆಗುತ್ತಿರಲಿಲ್ಲ. ನಾನು ಕಿಚಾಯಿಸುತ್ತಿದ್ದೆ. "ಅಕ್ಕೋರ, ಮುಗೀತ್ರಿ, ಕಣ್ಣು ತೆರೀರಿ" ಅಂತ.

ನಮ್ಮ ಕಡೆ ಕಲಿತ ಹೆಣ್ಣುಮಗಳನ್ನು, ಶಾಲೆಯ ಟೀಚರ್ ಇರಲಿ ಆಫೀಸಿನ ಮೇಡಂ ಇರಲಿ, ಅಕ್ಕೋರು ಎಂದೇ ಕರೆಯುವುದು. ಇವರು ಶಹಾಬಾದದವರು. ತಂದೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಒಡೆಯುವ ಕೆಲಸದವರು. ಅಂಥ ಮನೆಯಿಂದ ಓದುತ್ತ ಓದುತ್ತ ದೂರದ ದೊಡ್ಡ ಊರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ವಿಜ್ಞಾನಿಯಾದರು. ಎಚ್‌ಐವಿ ವೈರಸ್ಸು ಒಂದು ಮೈಯಿಂದ ಇನ್ನೊಂದು ಮೈಗೆ ಹೋಗುತ್ತ ಹೇಗೆ ಬದಲಾಗುತ್ತದೆ, ಇವತ್ತಿನ ವೈರಸ್ಸಿನ ಅಜ್ಜ ಮುತ್ತಜ್ಜ ಯಾರು ಎಂದು ಹುಡುಕುವುದು ಅವರ ಕೆಲಸ. ಅವರ ತಾಯಿಗೆ ಆ ರೋಗದ ಹೆಸರು ಬಾಯಿಂದ ಹೊರಡಿಸಲು ಸಂಕೋಚ. ಮಗಳು ಏನು ಓದುತ್ತಾಳೆ ಎಂದು ಓಣಿಯವರು ಕೇಳಿದರೆ, "ನೆಗಡಿ ಮ್ಯಾಲ ಓದಾಕತ್ಯಾಳ್ರಿ" ಎಂದುಬಿಡುತ್ತಿದ್ದರಂತೆ. "ನೆಗಡಿಗಿ ಇಷ್ಟು ವರ್ಷ ಓದಬೇಕೇನ್ರಿ?" ಎಂದು ಓಣಿಯವರಿಗೆ ಆಶ್ಚರ್ಯ. ಅಕ್ಕೋರು ಇದನ್ನು ಹೇಳಿ ಹೇಳಿ ನಗುತ್ತಿದ್ದರು.

ದೇಶವಿದೇಶದ ವೈರಸ್ಸುಗಳ ವಂಶಾವಳಿ ಬರೆದವರಿಗೆ ತಮ್ಮ ಕಡೆಯದನ್ನೂ ಬರೆಯಬೇಕು ಎನ್ನಿಸಿತು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ... ಈ ಐದು ಊರುಗಳಿಂದ ರಕ್ತ ಬೇಕಿತ್ತು. ನಾನು ಲ್ಯಾಬ್ ಟೆಕ್ನಿಶಿಯನ್. ವಾರಕ್ಕೊಂದು ಊರಿನಂತೆ ತಿರುಗಿ, ರೋಗವಿದ್ದವರಲ್ಲಿ ಒಪ್ಪಿದವರಿಂದ ರಕ್ತ ತೆಗೆದು, ಟ್ಯೂಬಿನ ಮೇಲೆ ನಂಬರು ಬರೆದು, ಐಸು ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು, ವಾಡಿ ಜಂಕ್ಷನ್ನಿನಲ್ಲಿ ಅವರ ಕಡೆಯವರ ಕೈಗೆ ಒಪ್ಪಿಸುವುದು ನನ್ನ ಪಾಲಿಗೆ ಬಂತು. ಟ್ಯೂಬಿನ ಮೇಲೆ ಹೆಸರು ಇರಕೂಡದು. ಹೆಸರು ಇರುತ್ತಿದ್ದದ್ದು ನನ್ನ ರಿಜಿಸ್ಟರಿನಲ್ಲಿ ಮಾತ್ರ, ಅದನ್ನಿಟ್ಟ ಕಪಾಟಿನ ಕೀಲಿ ನನ್ನ ಸೊಂಟದಲ್ಲಿ. ಎರಡು ವರ್ಷ ಹೀಗೆ ನಡೆಯಿತು. ಒಂದು ಟ್ಯೂಬು ಒಡೆಯಲಿಲ್ಲ, ಒಂದು ನಂಬರು ಅಳಿಸಲಿಲ್ಲ. ಇದನ್ನು ನಾನು ಜಂಬದಿಂದಲೇ ಹೇಳುತ್ತೇನೆ.

ಅವರ ವಿದ್ಯೆ ನನಗೆ ತಿಳಿಯುವಂತೆ ಹೇಳಿಕೊಟ್ಟದ್ದು ಭಜನೆ ಪುಸ್ತಕದಿಂದ. ಅಕ್ಕೋರ ತಂದೆ ಶಹಾಬಾದದಲ್ಲಿ ಭಜನೆ ಮೇಳ ಕಟ್ಟಿದ್ದರು. ಪದಗಳನ್ನು ಒಬ್ಬರ ಪುಸ್ತಕ ನೋಡಿ ಒಬ್ಬರು ಕೈಯಿಂದ ಬರೆದುಕೊಳ್ಳುತ್ತಿದ್ದರು. "ನಮ್ಮಪ್ಪ ಒಂದು ಕಡಿ 'ಕೆರೆ' ಅಂತ ಬರಿಯೋದು 'ಕರೆ' ಅಂತ ಬರದಿದ್ದ. ಆಮ್ಯಾಲ ಯಾವ ಯಾವ ಪುಸ್ತಕದಾಗ 'ಕರೆ' ಅಂತ ಅದನೋ, ಅವೆಲ್ಲ ನಮ್ಮಪ್ಪನ ಪುಸ್ತಕ ನೋಡೇ ಬರದದ್ದು. ಹೌದಿಲ್ಲೋ? ಈ ವೈರಸ್ಸನೂ ಹಂಗೇ. ತನ್ನ ನಕಲು ತಾನೇ ಬರಕೋತದ. ಆದ್ರ ಭಾಳ ಗಡಬಡಿ, ತಪ್ಪು ಬರೀತದ. ಆ ತಪ್ಪು ಹಿಡಕೊಂಡು ಹಿಂದಕ್ಕ ಹೋದ್ರ ಯಾವುದು ಯಾವುದರ ಮಗ ಅಂತ ಗೊತ್ತಾಗ್ತದ" ಎಂದರು. ವೈರಸ್ಸಿನದು ನಾಲ್ಕೇ ಅಕ್ಷರದ ಬರವಣಿಗೆಯಂತೆ. ಎಷ್ಟೋ ಟೆಕ್ನಿಶಿಯನ್ನರು ಜೀವನಪೂರ್ತಿ ಟ್ಯೂಬು ಹೊತ್ತು ನಿವೃತ್ತರಾಗುತ್ತಾರೆ, ಒಳಗೆ ಏನಿದೆ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ನನಗೆ ಹೇಳಿದರು.

ಒಂದು ದಿನ ಫೋನೂ ಇಲ್ಲದೆ ಅಕ್ಕೋರು ರೈಲಿಳಿದು ನೇರ ಲ್ಯಾಬಿಗೆ ಬಂದರು. ಮುಖ ಬಾಡಿತ್ತು. ಚೀಲದಿಂದ ಉದ್ದನೆಯ ಕಾಗದ ತೆಗೆದು ಬೆಂಚಿನ ಮೇಲೆ ಬಿಚ್ಚಿದರು. ನಮ್ಮ ಐದು ಊರಿನ ವೈರಸ್ಸುಗಳ ಮರ. ಕೊಂಬೆ ಕೊಂಬೆಗೂ ನಾನು ಟ್ಯೂಬಿನ ಮೇಲೆ ಬರೆದ ನಂಬರುಗಳು ಅಚ್ಚಾಗಿ ನಿಂತಿದ್ದವು. ಒಂದು ಕಡೆ ಬೆರಳಿಟ್ಟರು. ಎರಡು ನಂಬರು, ಒಂದಕ್ಕೊಂದು ಅಂಟಿಕೊಂಡಂತೆ. ಒಂದು ಚಿಂಚೋಳಿಯದು, ಇನ್ನೊಂದು ವಾಡಿಯದು. ಬೇರೆ ಊರು, ಬೇರೆ ನಂಬರಿನ ಇಬ್ಬರು ಹೆಂಗಸರು, ನಾಲ್ಕು ತಿಂಗಳ ಅಂತರದಲ್ಲಿ ತೆಗೆದ ರಕ್ತ.

"ಗಂಡ ಹೆಂಡತಿ ನಡುವೂ ಇಷ್ಟು ಹತ್ತರ ಇರೂದಿಲ್ಲ. ಖರೆ ಹೇಳು, ಒಂದು ಟ್ಯೂಬಿಂದು ಇನ್ನೊಂದರಾಗ ಬಿತ್ತೇನು?" ಎಂದು ಕೇಳಿದರು.

ಅವರ ಸಂಸ್ಥೆಯಲ್ಲಿ ಮೇಲಿನವರು ತೀರ್ಮಾನ ಮಾಡಿಯೇಬಿಟ್ಟಿದ್ದರಂತೆ. ಐದೂ ಊರಿನ ರಕ್ತ ಹಿಡಿದದ್ದು ಒಬ್ಬಳೇ ಟೆಕ್ನಿಶಿಯನ್, ಅವಳ ಕೈಯಲ್ಲಿ ಒಂದು ಬೆರೆತಿದ್ದರೆ ಉಳಿದದ್ದನ್ನು ನಂಬುವುದು ಹೇಗೆ, ಈ ಕಡೆಯದೆಲ್ಲ ಚೆಲ್ಲಿಬಿಡಿ ಎಂದು. ಚೆಲ್ಲಿದರೆ ಅಕ್ಕೋರ ಎರಡು ವರ್ಷ ಹೋಯಿತು, ನಮ್ಮ ಊರುಗಳ ಹೆಸರು ಆ ಮರದಿಂದಲೇ ಹೋಯಿತು. ನನ್ನ ಹೆಸರು ಮಾತ್ರ ಉಳಿಯುತ್ತಿತ್ತು, ರಕ್ತ ಬೆರೆಸಿದವಳು ಅಂತ.

"ಬೇಕಾದ್ರ ಕೆಲಸ ಬಿಡ್ತೀನ್ರಿ ಅಕ್ಕೋರ. ಆದ್ರ ಬೆರಸೀನಿ ಅಂತ ಮಾತ್ರ ಅನ್ನಂಗಿಲ್ಲ" ಎಂದೆ. ಸಿಟ್ಟಿನಲ್ಲಿ ಅಳುವೂ ಬಂತು. ಅಕ್ಕೋರು ಸ್ಟೂಲಿನ ಮೇಲೆ ಕುಳಿತರು.

ಕೀಲಿ ತೆಗೆದು ರಿಜಿಸ್ಟರ್ ನೋಡಿದೆ. ಹೆಸರು ಬೇರೆ. ಒಂದರ ಮುಂದೆ ಗಂಡನ ಹೆಸರು, ಇನ್ನೊಂದರ ಮುಂದೆ ತಂದೆಯ ಹೆಸರು. ವಯಸ್ಸೂ ಬೇರೆ, ಆದರೆ ನಮ್ಮ ಕಡೆ ವಯಸ್ಸು ಕೇಳಿದರೆ ಜನ ಅಂದಾಜಿನಲ್ಲೇ ಹೇಳುವುದು. ನಂಬರಿನ ಪಕ್ಕ ನಾನೊಂದು ಟಿಪ್ಪಣಿ ಬರೆದಿಡುತ್ತಿದ್ದೆ, ಮುಂದಿನ ಸಲ ಆ ಜೀವಕ್ಕೆ ಎರಡೆರಡು ಬಾರಿ ಚುಚ್ಚುವುದು ಬೇಡ ಎಂದು. ನನಗೆ ಮುಖ ನೆನಪಿರುವುದಿಲ್ಲ, ಕೈ ನೆನಪಿರುತ್ತವೆ. ಚಿಂಚೋಳಿಯವಳ ಮುಂದೆ ಬರೆದಿತ್ತು: ಎಡಗೈ ನರ ಸಿಗಲ್ಲ, ಬಲಗೈ, ಚೇಳಿನ ಹಚ್ಚೆಯ ಬಾಲದ ಹತ್ತಿರ. ಪುಟ ಮಗುಚಿ ವಾಡಿಯವಳದನ್ನು ನೋಡಿದೆ... ಬಲಗೈ, ಚೇಳಿನ ಬಾಲದ ಹತ್ತಿರ.

ನನಗೆ ನಗು ಬಂದುಬಿಟ್ಟಿತು. ಚಿಂಚೋಳಿಯ ರಕ್ತ ಐದನೇ ತಿಂಗಳ ಬಸುರಿಯದು, ವಾಡಿಯದು ದಿನ ತುಂಬಿದವಳದು. ಚೊಚ್ಚಲ ಬಾಣಂತನಕ್ಕೆ ಮಗಳು ತವರಿಗೆ ಬಂದಿದ್ದಾಳೆ, ಅಷ್ಟೇ. ಎರಡು ಸಲವೂ ತಲೆ ತುಂಬ ಸೆರಗು ಹೊದ್ದು ಕೂತಿದ್ದಳು, ನಡುವೆ ನೂರಾರು ಕೈ ಚುಚ್ಚಿದ್ದ ನಾನು ಗುರುತು ಹಿಡಿದಿರಲಿಲ್ಲ.

"ಅಕ್ಕೋರ, ನನಗ ಎಷ್ಟು ಹೆಸರದಾವ ಗೊತ್ತೇನ್ರಿ ನಿಮಗ?" ಎಂದು ಕೇಳಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. ಇವಳಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ನಾನು ತವರೂರು ಗುಂಡಗುರ್ತಿಯಲ್ಲಿ ಚಂದಮ್ಮ ಆಗಿ ಹುಟ್ಟಿದವಳು. ಚಿತ್ತಾಪುರಕ್ಕೆ ಮದುವೆಯಾಗಿ ಬಂದ ದಿನ ಅತ್ತೆಮನೆಯವರು ಸುವರ್ಣಾ ಎಂದು ಹೆಸರಿಟ್ಟರು. ಅಕ್ಕಿಯಲ್ಲಿ ಬೆರಳಿನಿಂದ ಬರೆಸಿ, ಕಿವಿಯಲ್ಲಿ ಹೇಳಿ ಮುಗಿಸಿದರು. ಮಾವನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಅಫಿಡವಿಟ್ ಮಾಡಿಸಿ ಎಲ್ಲ ಕಾಗದದಲ್ಲೂ ಸುವರ್ಣಾ ಮಾಡಿದ್ದರು. ಎಲ್ಲರಿಗೂ ಅಫಿಡವಿಟ್ ಎಲ್ಲಿಂದ ಬರಬೇಕು? ನಮ್ಮ ಕಡೆಯ ಎಷ್ಟೋ ಹೆಂಗಸರು ಬಸ್ಸು ಹತ್ತಿ ತವರಿಗೆ ಹೋದರೆ ಒಬ್ಬರು, ತಿರುಗಿ ಬಂದರೆ ಇನ್ನೊಬ್ಬರು.

ರಿಜಿಸ್ಟರಿನ ಹೆಸರುಗಳನ್ನು ಅವರಿಗೆ ಓದಿ ಹೇಳಲಿಲ್ಲ, ಅವರೂ ಕೇಳಲಿಲ್ಲ. "ಇಬ್ಬರಲ್ರಿ, ಒಬ್ಬಾಕೀನೇ ಇರಬೇಕು. ಗಂಡನ ಮನ್ಯಾಗ ಒಂದು ಹೆಸರು, ತವರು ಮನ್ಯಾಗ ಒಂದು" ಎಂದೆ.

ಅಕ್ಕೋರು ಮರದ ಮೇಲಿನ ಆ ಎರಡು ನಂಬರುಗಳನ್ನು ಮತ್ತೆ ನೋಡಿದರು. ಅವರು ಮದುವೆಯಾಗಿರಲಿಲ್ಲ. "ನನ್ನ ಹೆಸರು ಯಾರೂ ಬದ್ಲ ಮಾಡ್ಲಿಲ್ಲ ನೋಡು... ಅದಕ್ಕೇ ಇದು ನನಗ ಹೊಳೀಲೇ ಇಲ್ಲ" ಎಂದರು ಮೆಲ್ಲಗೆ. ಆಮೇಲೆ ಚೀಲದಿಂದ ಇನ್ನೊಂದು ಕಾಗದ ತೆಗೆದು ಎರಡೂ ರಕ್ತದ ವೈರಸ್ಸಿನ ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟು ಬೆರಳಾಡಿಸುತ್ತ ಹೋದರು. ಪೂರ್ತಿ ಒಂದೇ ಆಗಿರಲಿಲ್ಲ. ಅಲ್ಲೊಂದು ಇಲ್ಲೊಂದು ಅಕ್ಷರ ಹೊಸದಾಗಿ ತಪ್ಪಿತ್ತು. "ಬೆರತಿದ್ರ ಎರಡೂ ತದ್ರೂಪ ಇರ್ತಿದ್ವು. ಇವು ನಾಲ್ಕು ತಿಂಗಳಾಗ ಆಗೋ ತಪ್ಪು. ಒಂದೇ ಮೈಯಾಗ ವೈರಸ್ಸಿಗಿ ನಾಲ್ಕು ತಿಂಗಳು ವಯಸ್ಸಾಗ್ಯಾದ" ಎಂದು ಎದ್ದು ನನ್ನ ಹೆಗಲು ಹಿಡಿದು ಅಲುಗಿಸಿಬಿಟ್ಟರು.

ಆದರೆ ಮೇಲಿನವರಿಗೆ ಚೇಳಿನ ಬಾಲ ಸಾಲದು, ಪುರಾವೆ ಬೇಕು. ಆ ಹುಡುಗಿ ಕೂಸಿನ ಲಸಿಕೆಗೆ ವಾಡಿಗೆ ಬರುವವರೆಗೆ ಕಾದೆ. ಜೊತೆಗೆ ಅವಳ ತಾಯಿ ಇದ್ದರು. "ಅವ್ವಾರ, ಹೊರಗಿನ ಕಿಟಕ್ಯಾಗ ಚೀಟಿ ಮಾಡಿಸ್ಕೊಂಡು ಬರ್ರಿ" ಎಂದು ಅವರನ್ನು ಸಾಗಹಾಕಿ, ಅವಳ ಕೈಯ ಚೇಳಿನ ಮೇಲೆ ಬೆರಳಿಟ್ಟೆ. ಅಷ್ಟಕ್ಕೇ ಅವಳ ಕಣ್ಣು ತುಂಬಿದವು. "ಅತ್ತಿಮನಿ ಹೆಸರು ಹೇಳಿದ್ರ ಹಳೀ ಚೀಟಿ ಕೇಳ್ತಿದ್ರಿ. ಅವ್ವಗ ಈ ರೋಗದ್ದು ಗೊತ್ತಾಗ್ತಿತ್ತು. ಅದಕ್ಕ ಹೇಳ್ಲಿಲ್ರಿ ಅಕ್ಕಾ" ಎಂದಳು. ಇನ್ನೊಮ್ಮೆ ರಕ್ತ ಯಾತಕ್ಕೆ ಬೇಕೆಂದು ತಿಳಿಸಿ ಹೇಳಿದೆ, ಬೇಡ ಅನ್ನಿಸಿದರೆ ಬೇಡ ಎಂದೂ ಹೇಳಿದೆ. ಅವಳೇ ಬಲಗೈ ಮುಂದೆ ಮಾಡಿದಳು. ಆಗಿನ್ನೂ ರೋಗ ಗೊತ್ತಾದ ಮೊದಲ ದಿನವೇ ಎಲ್ಲರಿಗೂ ಗುಳಿಗೆ ಶುರುಮಾಡುವ ಪದ್ಧತಿ ಬಂದಿರಲಿಲ್ಲ. ಆದರೆ ಹೆರಿಗೆಯ ಹೊತ್ತಿಗೆ ಕೊಡಬೇಕಾದ ಔಷಧ ಅವಳಿಗೆ ಸಿಕ್ಕಿತ್ತು. ಒಂದೂವರೆ ವರ್ಷದ ಮೇಲೆ ಆ ಕೂಸಿನ ಕೊನೆಯ ಪರೀಕ್ಷೆಯನ್ನು ನಾನೇ ಮಾಡಿದೆ. ರೋಗ ತಗುಲಿರಲಿಲ್ಲ.

ಮೂರನೆಯ ಟ್ಯೂಬು ಹೋಯಿತು. ತಿಂಗಳೊಳಗೆ ಅಕ್ಕೋರ ಫೋನು ಬಂತು. ಮೂರೂ ಒಂದೇ ಕೊಂಬೆಯಲ್ಲಿ, ವಯಸ್ಸಿನ ಪ್ರಕಾರ ಸಾಲಾಗಿ ಕುಳಿತಿದ್ದವಂತೆ. ನಮ್ಮ ಐದು ಊರಿನ ಒಂದು ಹನಿಯನ್ನೂ ಚೆಲ್ಲಲಿಲ್ಲ.

ಇಷ್ಟಕ್ಕೇ ನಿಂತಿದ್ದರೂ ನಾನು ಖುಷಿಯಾಗಿಯೇ ಇರುತ್ತಿದ್ದೆ. ಆದರೆ ಅಕ್ಕೋರು ಫೋನು ಇಡುವ ಮುಂಚೆ ಒಂದು ಮಾತು ಕೇಳಿದರು. "ಲೇಖನ ಬರ್ಯಾಕತ್ತೀನಿ. ಕೆಲಸ ಮಾಡಿದವರ ಹೆಸರಿನ್ಯಾಗ ನಿಂದೂ ಇರ್ತದ. ಯಾವ ಹೆಸರು ಹಾಕ್ಲಿ?"

ಟ್ಯೂಬು ಹೊತ್ತವಳ ಹೆಸರನ್ನು ವಿಜ್ಞಾನಿಗಳ ಸಾಲಿನಲ್ಲಿ ಯಾರು ಹಾಕುತ್ತಾರೆ? ಯಾವ ಹೆಸರು ಎಂದು ನನ್ನನ್ನು ಅದುವರೆಗೆ ಯಾರು ಕೇಳಿದ್ದರು? ಹುಟ್ಟಿದಾಗ ಕೇಳಲಿಲ್ಲ, ಮದುವೆಯಲ್ಲಂತೂ ಕೇಳಲೇ ಇಲ್ಲ.

"ಚಂದಮ್ಮ ಅಂತ ಹಾಕ್ರಿ" ಎಂದೆ.

ಲೇಖನ ಬಂತು. ಇಂಗ್ಲಿಷಿನಲ್ಲಿದ್ದ ಅದರ ಒಳಗಿನದು ನನಗೆ ಅರ್ಧಕ್ಕರ್ಧ ತಿಳಿಯಲಿಲ್ಲ, ಮೇಲಿನ ಸಾಲು ಮಾತ್ರ ಕಣ್ಣು ತುಂಬ ನೋಡಿದೆ. ಐದನೆಯ ಹೆಸರು ನನ್ನದು. ಯಾವ ಸರ್ಕಾರಿ ಕಾಗದದಲ್ಲೂ ಉಳಿಯದಿದ್ದ ಚಂದಮ್ಮ ಅಲ್ಲಿ ಅಚ್ಚಾಗಿ ನಿಂತಿದ್ದಳು. ಅಂದಿನಿಂದ ಅಕ್ಕೋರು ನನ್ನನ್ನು ಸುವರ್ಣಾ ಎಂದು ಒಮ್ಮೆಯೂ ಕರೆಯಲಿಲ್ಲ. ಮುಂದೆ ಅವರು ಬಹಳ ದೊಡ್ಡವರಾದರು, ಪರದೇಶದ ಸಭೆಗಳಿಗೆ ಹೋದರು. ಒಮ್ಮೆ ಸೇಡಂನ ಕಾಲೇಜಿನಲ್ಲಿ ಮಾತಾಡಲು ಕರೆದಾಗ ವೇದಿಕೆಯ ಮೇಲಿನಿಂದಲೇ, "ಚಂದಮ್ಮ, ಎದ್ದು ನಿಲ್ಲು" ಎಂದುಬಿಟ್ಟರು. ನಿಂತೆ. ಹುಡುಗಿಯರೆಲ್ಲ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನನ್ನ ತಂದೆ ತಾಯಿ ತೀರಿಕೊಂಡ ಮೇಲೆ ಆ ಹೆಸರಿನಿಂದ ಕರೆಯುವವರು ಅವರೊಬ್ಬರೇ ಉಳಿದಿದ್ದರು.

ಮಗನ ಮದುವೆಯಲ್ಲಿ ಸೊಸೆಗೆ ಏನು ಹೆಸರಿಡೋಣ ಎಂದು ಹಿರಿಯರು ಕೇಳಿದಾಗ, ಇದ್ದದ್ದೇ ಇರಲಿ ಎಂದು ನಾನು ಹಟ ಹಿಡಿದೆ. ಅದನ್ನು ಕೇಳಿ ಅಕ್ಕೋರು ಫೋನಿನಲ್ಲೇ ಕುಣಿದಾಡಿದರು. ಆದರೆ ನನ್ನ ಹಳೆಯ ಹೆಸರನ್ನು ಸೊಸೆಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಲೇಖನವನ್ನೂ ಟ್ರಂಕಿನ ತಳದಲ್ಲಿ ಸೀರೆಯ ಕೆಳಗೆ ಇಟ್ಟುಬಿಟ್ಟಿದ್ದೆ, ಅತ್ತೆಮನೆಯವರಿಗೆ ಬೇಸರವಾದೀತು ಎಂದು.

ಕಳೆದ ವರ್ಷ ಚಳಿಗಾಲದ ಒಂದು ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗಿಟ್ಟಿದ್ದ ನನ್ನ ಫೋನು ಬಡಿದುಕೊಂಡಿತು. ಸೊಸೆ ಎತ್ತಿದಳು. ಯಾರೋ ಗಂಡಸಿನ ದನಿ. "ಚಂದಮ್ಮ ಅವ್ರು ಅದಾರೇನ್ರಿ?" "ಇಲ್ರಿ, ಹಂಗನ್ನೋರು ಯಾರೂ ಇಲ್ಲಿಲ್ಲ. ರಾಂಗ್ ನಂಬರ್ರಿ" ಎಂದು ಇಟ್ಟಳು. ನನಗೆ ಹೇಳಲೂ ಇಲ್ಲ. ತಪ್ಪು ನಂಬರನ್ನು ಯಾರು ಹೇಳುತ್ತಾರೆ?

ಅದು ಅಕ್ಕೋರ ತಮ್ಮ. ಶಹಾಬಾದದಿಂದ, ಅಕ್ಕೋರ ಫೋನಿನಲ್ಲಿದ್ದ ಹೆಸರುಗಳನ್ನು ನೋಡಿ ಅವರು ಅಲ್ಲೇ ಮನೆಯಲ್ಲಿ ತೀರಿಕೊಂಡ ಸುದ್ದಿಯನ್ನು ಒಬ್ಬೊಬ್ಬರಿಗೇ ಮುಟ್ಟಿಸುತ್ತಿದ್ದರಂತೆ. ನನಗೆ ತಿಳಿದದ್ದು ನಾಲ್ಕನೆಯ ದಿನ, ಹಳೆಯ ಆಸ್ಪತ್ರೆಯವರೊಬ್ಬರಿಂದ. ಅಷ್ಟರಲ್ಲಿ ಮಣ್ಣು ಮುಗಿದಿತ್ತು... ಶಹಾಬಾದ ಇಲ್ಲೇ, ಬಸ್ಸು ಹತ್ತಿದ್ದರೆ ಮಧ್ಯಾಹ್ನದೊಳಗೆ ಮುಖ ನೋಡಬಹುದಿತ್ತು. ಸೊಸೆ ತಿಳಿದ ಮೇಲೆ ಎರಡು ದಿನ ಊಟ ಬಿಟ್ಟಳು. ಅವಳ ತಪ್ಪೇನಿದೆ? ಒಬ್ಬಳೇ ಹೆಂಗಸು ಎರಡು ಹೆಸರಿನಲ್ಲಿ ಇರಬಹುದು ಎಂದು ದೊಡ್ಡ ವಿಜ್ಞಾನಿಗಳಿಗೆ ತಿಳಿಸಿಕೊಟ್ಟವಳು ನಾನು, ನನ್ನ ಮನೆಯಲ್ಲೇ ಹೇಳಿರಲಿಲ್ಲ.

ಈಗ ಆ ಲೇಖನ ಟ್ರಂಕಿನಲ್ಲಿಲ್ಲ. ಕಟ್ಟು ಹಾಕಿಸಿ ಪಡಸಾಲೆಯಲ್ಲಿ, ಬಂದವರಿಗೆ ಮೊದಲು ಕಾಣುವ ಗೋಡೆಗೆ ತೂಗುಹಾಕಿದ್ದೇನೆ. ಯಾರಾದರೂ ಏನಿದು ಎಂದರೆ ಸೊಸೆಯೇ ಮುಂದೆ ಬಂದು ಐದನೆಯ ಹೆಸರಿನ ಮೇಲೆ ಬೆರಳಿಟ್ಟು, "ಇದು ನಮ್ಮ ಅತ್ತಿ" ಎನ್ನುತ್ತಾಳೆ. ಮೊನ್ನೆ ಡಬ್ಬಿಗಳ ಕೆಲಸ ಮುಗಿದ ಮೇಲೆ ಅವಳು ಮಾರ್ಕರ್ ಮುಚ್ಚಿ ಕಿಟಕಿಯಲ್ಲಿಟ್ಟಳು, ವಾಸನೆ ಇನ್ನೂ ಸ್ವಲ್ಪ ಹೊತ್ತು ಇತ್ತು. ಚಂದಮ್ಮ ಎಂದು ಯಾರಾದರೂ ಕೇಳಿದರೆ ಕೂಡಲೇ ಫೋನು ನನ್ನ ಕೈಗೆ ಕೊಡಬೇಕೆಂದು ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದ್ದೇನೆ. ಇಲ್ಲಿಯವರೆಗೆ ಯಾರೂ ಕೇಳಿಲ್ಲ.