ಮಂಚದ ಮೇಲಿಂದ ಹೊರಟ ಮೊದಲ ಬಸ್ಸು

ಬೆಳಗು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಡಿಪೋ ಗೇಟಿನಿಂದ ದಿನದ ಮೊದಲ ಬಸ್ಸು ಮೂತಿ ಹೊರಗೆ ಹಾಕುತ್ತಿದೆ. ನಾನು ಓಡೋಡಿ ಬಂದು ಫುಟ್‌ಬೋರ್ಡಿಗೆ ಹಾರಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಕೂದಲು ಹಿಂದಕ್ಕೆ ತಳ್ಳುತ್ತೇನೆ. ಹಿನ್ನೆಲೆ ಸಂಗೀತವೊಂದು ಬಾಕಿ.

"ಏಯ್ ಹೀರೋ! ಎಂಟ್ರಿ ಆಯ್ತಾ? ಆಗಿದ್ರೆ ಒಳಗೆ ಬಾ. ಬಿದ್ರೆ ಟೈಟಲ್ ಬರೋಕ್ಕೆ ಮುಂಚೇನೇ ಪಿಕ್ಚರ್ ಮುಗ್ದೋಗುತ್ತೆ!"

ಬಸ್ಸಿಗೆ ಬಸ್ಸೇ ನಗುತ್ತದೆ. ನನ್ನ ಎಂಟ್ರಿಗೆ ಮಣ್ಣು ಹಾಕಿದ ಆ ಗಂಟಲು ಇಲ್ಲಿನ ಕಂಡಕ್ಟರಮ್ಮನದು. ಈ ದಾರಿಯ ಪ್ರಯಾಣಿಕರಿಗೆಲ್ಲ ಅವರು ಮೈಕಕ್ಕ. ಟಿಕೆಟ್ ಯಂತ್ರ ಕೈಯಲ್ಲಿ, ಸೀಟಿ ಹಲ್ಲಿನ ನಡುವೆ, ಕಣ್ಣು ಹಿಂದಿನ ಬಾಗಿಲಿನ ಮೇಲೆ.

"ಹಾಲಿನ ಬೂತ್! ಹಾಲಿನ ಬೂತ್! ನಿದ್ದೆ ಮಾಡ್ತಿರೋರು ನಿದ್ದೇಲೇ ಇಳೀರಿ!" ಎರಡು ತಿರುವು ಕಳೆದರೆ, "ಬಾಲಕಿಯರ ಶಾಲೆ! ರೀ ಯಜಮಾನ್ರೇ, ನೀವ್ಯಾಕ್ರೀ ಏಳ್ತೀರಾ? ಅಡ್ಮಿಷನ್ ಮುಗ್ದೋಯ್ತು, ಕೂತ್ಕೊಳ್ಳಿ!"

ಆಮೇಲೆ ಉದ್ದನೆಯ ಬಿಳಿ ಗೋಡೆ ಕಾಣಿಸುತ್ತದೆ. ಹಾರ್ನ್ ಮಾಡಬೇಡಿ ಎನ್ನುವ ಫಲಕ. ಇದ್ದಕ್ಕಿದ್ದಂತೆ ಮೈಕು ಬಂದ್. ಮೈಕಕ್ಕ ಕಿಟಕಿಯ ಕಡೆ ತಿರುಗಿ, ಸ್ವಚ್ಛವಾಗಿಯೇ ಇರುವ ಟಿಕೆಟ್ ಯಂತ್ರವನ್ನು ಸೆರಗಿನಿಂದ ಒರೆಸುತ್ತಾರೆ. ಅವರ ಬದಲು ಇಡೀ ಬಸ್ಸು ಒಂದೇ ಉಸಿರಿಗೆ ಕೂಗುತ್ತದೆ: "ಆಸ್ಪತ್ರೆ!"

ನರ್ಸ್‌ಗಳು ಇಳಿಯುತ್ತಾರೆ. ಊಟದ ಡಬ್ಬಿ ಹಿಡಿದವರು ಇಳಿಯುತ್ತಾರೆ. ಸೀಟಿ ಊದಿ ಬಸ್ಸು ಮುಂದಕ್ಕೆ.

"ಕೆಲಸಕ್ಕೆ ವಾಪಸ್ ಬಂದಾಗಿನಿಂದ ಹೀಗೇ," ಎನ್ನುತ್ತಾರೆ ಮುಂದಿನ ಸೀಟಿನಲ್ಲಿ ಫೋನ್ ಹಿಡಿದು ಕೂತ ಸಂಶೋಧಕಿ. ಮಹಾಮಾರಿಯ ಕಾಲದಲ್ಲಿ ಒಂಟಿಯಾಗಿ ಇರಿಸಿದವರ ಮನಸ್ಸು ಹೇಗಿತ್ತು ಎನ್ನುವ ಅಧ್ಯಯನದಲ್ಲಿ ಮೈಕಕ್ಕ ಪಾಲ್ಗೊಂಡಿದ್ದಾರೆ. ವರ್ಷಗಳ ಮೇಲೆ ಇಂದು ಅದರ ಕೊನೆಯ ಧ್ವನಿಮುದ್ರಣ. "ನಿನ್ನೆ ಅಕ್ಕನೇ ಫೋನ್ ಮಾಡಿ ಹೇಳಿದ್ರು, ವಾಪಸ್ ಬರೋವಾಗ ಆ ಸ್ಟಾಪ್ ನಾನೇ ಕೂಗ್ತೀನಿ, ಬಾಯಿಗೆ ಬಂದ್ರೆ, ಅಂತ."

ಬಾಯಿಗೆ ಬಂದರೆ. ಬಾಯಿಯೇ ಬಂಡವಾಳವಾಗಿರುವ ಹೆಂಗಸು ಹೀಗಂದರೆ ಏನರ್ಥ?

ಕೊನೆಯ ಸ್ಟಾಪ್ ನೀರಿನ ಟ್ಯಾಂಕು. ಇಂಜಿನ್ ಆರುತ್ತದೆ. ಎಲ್ಲರೂ ಇಳಿದರೂ, ಕಥೆ ಕೇಳುವ ಆಸೆಗೆ ನಾನು ಸಂಶೋಧಕಿಯ ಜೊತೆ ಉಳಿದುಬಿಡುತ್ತೇನೆ. ಮೈಕಕ್ಕ ಫುಟ್‌ಬೋರ್ಡಿನ ಮೇಲೆ ಕೂತು ಫ್ಲಾಸ್ಕಿನ ಚಹಾ ಬಗ್ಗಿಸುತ್ತಾ ಶುರು ಮಾಡುತ್ತಾರೆ. ಊರೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ಈ ಬಸ್ಸು ನರ್ಸ್‌ಗಳನ್ನು ಹೊತ್ತು ಓಡುತ್ತಿತ್ತು. ಒಂದು ದಿನ ಮೈಕಕ್ಕನಿಗೇ ಜ್ವರ. ಖಾಲಿಯಿದ್ದ ವಿದ್ಯಾರ್ಥಿ ಹಾಸ್ಟೆಲಿನ ಕೋಣೆಯೊಂದಕ್ಕೆ ಕಳಿಸಿದರು. ಕಬ್ಬಿಣದ ಮಂಚ, ಕಿರುಗುಟ್ಟುವ ಫ್ಯಾನು, ಕಿಟಕಿ ತೆಗೆದರೆ ಎದುರಿಗೆ ಇನ್ನೊಂದು ಗೋಡೆ. ಊಟದವರು ಬಾಗಿಲು ಬಡಿದು ಮಾಯ.

"ಜ್ವರ ತಡ್ಕೊಂಡೆ ಕಣಪ್ಪ. ಆ ಮೌನ ತಡ್ಕೊಳ್ಳೋಕಾಗ್ಲಿಲ್ಲ. ನಮ್ಮತ್ತೆ ಕಿವಿಗೆ ಮಿಷನ್ ಹಾಕ್ತಾರೆ. ನಾನು ಮನೆಗೆ ಬಂದ ತಕ್ಷಣ ತೆಗೆದಿಡ್ತಾರೆ. ಅಂಥೋರು ಫೋನ್ ಮಾಡಿ, ಮಿಷನ್ ಹಾಕ್ಕೊಂಡ್ರೂ ಮನೇಲಿ ಏನೂ ಕೇಳಿಸ್ತಿಲ್ಲ ಕಣೇ, ಬೇಗ ಬಾ ಅಂದ್ರು. ಆವತ್ತು ಅತ್ತಿದ್ದೇ ಅತ್ತಿದ್ದು."

ಆಗಲೇ ವಿಶ್ವವಿದ್ಯಾಲಯದಿಂದ ಕರೆ ಬಂತು. ದಿನಾ ಬೆಳಿಗ್ಗೆ ಎರಡು ನಿಮಿಷ ಫೋನಿಗೆ ಏನಾದರೂ ಮಾತಾಡಿ ಕಳಿಸಬೇಕು. ಒಂಟಿತನ ದನಿಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಅವರು ನೋಡುತ್ತಾರೆ. ಯಾಕೆ ಒಪ್ಪಿದಿರಿ ಎಂದರೆ ಮೈಕಕ್ಕ ಕಣ್ಣರಳಿಸುತ್ತಾರೆ. "ಹುಟ್ಟಿದಾಗಿನಿಂದ ಎಲ್ಲಾರೂ ಬಾಯಿ ಮುಚ್ಚು ಅಂದೋರೇ. ಮೊದಲ್ನೇ ಸಲ ಯಾರೋ ಮಾತಾಡಮ್ಮ ಅಂದ್ರು. ಬಿಡ್ತೀನಾ?"

ಆದರೆ ಮೊದಲ ದಿನ "ನಮಸ್ಕಾರ, ತಿಂಡಿ ಆಯ್ತು" ಎಂದಷ್ಟೇ ಹೇಳಿ ನಿಲ್ಲಿಸಿಬಿಟ್ಟರು. ಎದುರಿಗೆ ಜನವಿಲ್ಲದೆ ಮಾತು ಎಲ್ಲಿಂದ ಬರಬೇಕು? ಮಾರನೇ ದಿನ ಮಂಚದ ತುದಿಯಲ್ಲಿ ನಿಂತು, ಕಬ್ಬಿಣದ ಸರಳಿಗೆ ಚಮಚದಿಂದ ಟಣ್ ಎಂದು ಬಾರಿಸಿ, ಬಸ್ಸು ಹೊರಡಿಸಿಯೇಬಿಟ್ಟರು.

ಅತ್ತ ಕಡೆ, ಆಗಿನ್ನೂ ವಿದ್ಯಾರ್ಥಿನಿಯಾಗಿದ್ದ ಈ ಸಂಶೋಧಕಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೆವೆತುಹೋದರು. 'ಮುಂದೆ ಹೋಗಿ, ಮುಂದೆ ಹೋಗಿ, ಒಬ್ಬರ ಮೇಲೊಬ್ಬರು ಬೀಳ್ಬೇಡಿ!' ಸೋಂಕಿತೆ ಜನರ ನಡುವೆ! ಓಡಿಹೋಗಿ ಫೋನ್ ಹಚ್ಚಿದರು.

"ಮೇಡಂ, ನೀವು ಬಸ್ಸಲ್ಲಿದ್ದೀರಾ?"

"ಇಲ್ಲಮ್ಮ, ಮಂಚದ ಮೇಲಿದ್ದೀನಿ."

"ಮತ್ತೆ ಅಷ್ಟೊಂದು ಜನ?"

"ಒಬ್ಬಳೇ ಇದ್ದೀನಿ ತಾಯಿ. ಇವತ್ತು ಸ್ವಲ್ಪ ರಶ್ಶು, ಅಷ್ಟೇ."

ವಿಭಾಗದ ಹಿರಿಯರು ಇದು ನಟನೆ, ಸಹಜವಾದ ಮಾತು ಬೇಕು, ಇಲ್ಲದಿದ್ದರೆ ಇವರನ್ನು ಕೈಬಿಡೋಣ ಎಂದರು. ಮೈಕಕ್ಕ ಜಗ್ಗಲಿಲ್ಲ. "ನನ್ನ ಸಹಜ ಇದೇ ಕಣಮ್ಮ. ಕೈಕಟ್ಕೊಂಡು ಮೆಲ್ಲಗೆ ಮಾತಾಡಿದ್ರೆ ಅದು ನಟನೆ." ಹಿರಿಯರು ನಕ್ಕು ಒಪ್ಪಿಕೊಂಡರು. ಬಸ್ಸು ದಿನವೂ ಹೊರಟಿತು.

ಆ ಬಸ್ಸಿಗೆ ಡ್ರೈವರ್ ಕೂಡ ಇದ್ದರು: ನಿಜವಾದ ಬಸ್ಸಿನಲ್ಲಿ ವರ್ಷಾನುಗಟ್ಟಲೆ ಮೈಕಕ್ಕನ ಜೊತೆ ದುಡಿದ ಹಾರ್ನಣ್ಣ. ಮಾತೇ ಆಡದ ಮನುಷ್ಯ. ಮೈಕಕ್ಕ ಏನು ಕೇಳಿದರೂ ಹಾರ್ನಿನಲ್ಲೇ ಉತ್ತರ. ಹೌದಾದರೆ ಒಂದು, ಇಲ್ಲವಾದರೆ ಎರಡು, ರೇಗಿದರೆ ಲೆಕ್ಕವಿಲ್ಲ. ಆಸ್ಪತ್ರೆಯ ಮುಂದೆ ಮಾತ್ರ ಹಾರ್ನಿಗೆ ಕೈ ಹಾಕುತ್ತಿರಲಿಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಅವರ ಪಾಲಿನ ಪಾಂ ಪಾಂ ಕೂಡ ಮೈಕಕ್ಕನದೇ. ಡಬಲ್ ರೋಲ್!

ಇಂಟರ್ವಲ್‌ವರೆಗೆ ಕಾಮಿಡಿ. ಆಮೇಲೊಂದು ಬೆಳಿಗ್ಗೆ ಮಂಚದ ಬಸ್ಸು ಆಸ್ಪತ್ರೆ ಸ್ಟಾಪಿನಲ್ಲಿ ನಿಂತಿತು. ಹೊರಡಲಿಲ್ಲ. ಹಿಂದಿನ ದಿನ ಹಾರ್ನಣ್ಣನನ್ನು ಅದೇ ಆಸ್ಪತ್ರೆಗೆ ಸೇರಿಸಿದ್ದರು.

"ಸ್ವಲ್ಪ ತಡ್ಕೊಳ್ಳಿ. ಡ್ರೈವರ್ ಒಳಗೆ ಹೋಗಿದ್ದಾರೆ. ಬರ್ತಾರೆ." ಆ ದಿನದ ಧ್ವನಿಮುದ್ರಣದಲ್ಲಿ ಇಷ್ಟೇ ಮಾತು. ಉಳಿದದ್ದು ಫ್ಯಾನಿನ ಕಿರುಗುಟ್ಟು. ಮಾರನೇ ದಿನವೂ ಅದೇ. ಅದರ ಮಾರನೇ ದಿನವೂ ಅದೇ.

ಸಂಶೋಧಕಿ ಚಹಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳುತ್ತಾರೆ: "ಬೇಜಾರಾದ ದಿನ ಯಾರೂ ರೆಕಾರ್ಡಿಂಗ್ ಕಳಿಸ್ತಿರ್ಲಿಲ್ಲ. ಪಾಪ, ಹೇಗೆ ಕಳಿಸ್ತಾರೆ? ನಮ್ಮ ಹತ್ರ ಎಲ್ಲರ ಒಳ್ಳೇ ದಿನಗಳೇ ತುಂಬಿದ್ವು. ಅಕ್ಕ ನಿಂತ ಬಸ್ಸನ್ನೂ ಕಳಿಸಿದ್ರು. ಮನಸ್ಸು ನಿಂತುಹೋದ್ರೆ ಹೇಗೆ ಕೇಳಿಸುತ್ತೆ ಅಂತ ನಮಗೆ ಗೊತ್ತಾಗಿದ್ದೇ ಅವಾಗ." ಅವರು ಕೂಡಲೇ ಆಪ್ತ ಸಲಹೆಗಾರರನ್ನು ಫೋನಿಗೆ ತಂದರು. ಮೈಕಕ್ಕ ಬೇಡ ಎನ್ನಲಿಲ್ಲ. ಮಾತಾಡಿದರು, ಅತ್ತರು, ಮತ್ತೆ ಮಾತಾಡಿದರು.

ಹಾರ್ನಣ್ಣ ಹೊರಗೆ ಬರಲಿಲ್ಲ.

ಸುದ್ದಿ ಬಂದ ಮಾರನೇ ಬೆಳಗಿನ ಧ್ವನಿಮುದ್ರಣವನ್ನು ಮೈಕಕ್ಕನ ಒಪ್ಪಿಗೆ ಪಡೆದು ಸಂಶೋಧಕಿ ನನ್ನ ಕಿವಿಗೆ ಹಿಡಿಯುತ್ತಾರೆ. ಫ್ಯಾನಿನ ಸದ್ದು. ಉದ್ದನೆಯ ಉಸಿರು. ಆಮೇಲೆ ಒಡೆದ ಗಂಟಲಿನಲ್ಲಿ:

"ಡ್ರೈವರ್ ಬರಲ್ಲ. ಎಲ್ಲಾರೂ ಇಳ್ಕೊಳ್ಳಿ. ನಡ್ಕೊಂಡೇ ಹೋಗೋಣ. ಅಜ್ಜಿ, ಕೈ ಕೊಡಿ. ಗಾಬರಿ ಬೇಡ, ನಾನು ಮುಂದೆ ಇರ್ತೀನಿ."

ಚಪ್ಪಲಿ ಸದ್ದು. ಗೋಡೆಯಿಂದ ಗೋಡೆಗೆ, ಗೋಡೆಯಿಂದ ಗೋಡೆಗೆ. ಜ್ವರದ ಮೈ ಏದುಸಿರು ಬಿಡುತ್ತಿದೆ. ನಡುನಡುವೆ ಕೂಗು: ಮರದ ಮಿಲ್ಲು! ಹಳೇ ಸೇತುವೆ! ಬೆನ್ನ ಹಿಂದೆ ಯಾರೋ ಉಳಿದುಬಿಟ್ಟರೇನೋ ಎಂಬಂತೆ ನಿಂತು, "ಎಲ್ಲಾರೂ ಬಂದ್ರಾ?" ಮತ್ತೆ ಚಪ್ಪಲಿ. ಕೊನೆಗೆ, ದನಿಯೇ ಉಳಿಯದ ಹೊತ್ತಿಗೆ, "ನೀರಿನ ಟ್ಯಾಂಕು. ಮುಟ್ಟಿದ್ವಿ."

ಆ ಗೋಡೆಗಳ ನಡುವೆ ಒಂಟಿಯಾಗಿದ್ದವರು ಇಷ್ಟು ಜನರನ್ನು ದಾಟಿಸಿದರಲ್ಲ! ಫೋನ್ ವಾಪಸ್ ಕೊಟ್ಟು, ಸುಮ್ಮನೆ ಮಲಗಿಬಿಡಬಹುದಿತ್ತಲ್ಲ ಅಕ್ಕ, ಎನ್ನುತ್ತೇನೆ.

"ಅಷ್ಟು ಜನ ಟಿಕೆಟ್ ತಗೊಂಡಿದ್ದಾರಲ್ಲಪ್ಪ. ನಡುದಾರೀಲಿ ಬಿಟ್ಟು ಮಲಗೋಕಾಗುತ್ತಾ?"

ಮತ್ತೆ ಆಸ್ಪತ್ರೆ ಸ್ಟಾಪ್ ಮಾತ್ರ ಯಾಕೆ ಕೂಗುವುದಿಲ್ಲ? ಮೈಕಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. "ನಾನು ಸ್ಟಾಪ್ ಕೂಗಿದ್ರೆ ಜನ ಇಳೀತಾರೆ. ಅಲ್ಲಿ ಕೂಗಿದ್ರೆ ಅಣ್ಣ ಇನ್ನೊಂದ್ಸಲ ಇಳ್ದು ಒಳಗೆ ಹೋಗ್ತಾರೇನೋ ಅನ್ಸುತ್ತೆ." ಕೆಲಸಕ್ಕೆ ಮರಳಿದ ಮೊದಲ ದಿನ ಅವರು ಅಲ್ಲಿ ಬಾಯಿ ತೆರೆದು ನಿಂತುಬಿಟ್ಟಾಗ, ಹಿಂದಿನ ಸೀಟಿನಿಂದ ಬ್ಯಾಂಕಿನ ಕಾವಲುಗಾರ ತಾತ ಬದಲಿಗೆ ಕೂಗಿದರಂತೆ. ಮಾರನೇ ದಿನದಿಂದ ಬಸ್ಸಿಗೆ ಬಸ್ಸೇ.

ವಾಪಸು ಹೊರಡುವ ಹೊತ್ತು. ಈಗ ಆಫೀಸಿನ ಜನ, ಕಾಲಿಡಲು ಜಾಗವಿಲ್ಲ. ಕಾವಲುಗಾರ ತಾತ ಎಂದಿನ ಜಾಗದಲ್ಲಿ. ಹಳೇ ಸೇತುವೆ ಆಯಿತು, ಮರದ ಮಿಲ್ಲು ಆಯಿತು, ಬಿಳಿ ಗೋಡೆ ಬಂತು. ಅಭ್ಯಾಸದಂತೆ ಎಲ್ಲರ ಬಾಯಿ ತೆರೆಯುತ್ತಿದೆ. ಮೈಕಕ್ಕ ಅಂಗೈ ಎತ್ತುತ್ತಾರೆ. ಬಸ್ಸು ಉಸಿರು ಹಿಡಿಯುತ್ತದೆ.

"ಆಸ್ಪತ್ರೆ."

ಚಿಲ್ಲರೆ ಇಲ್ಲ ಎಂದು ಹೇಳುವಷ್ಟು ಸಣ್ಣ ದನಿ. ಹಿಂದಿನಿಂದ ಕಾವಲುಗಾರ ತಾತ:

"ಕೇಳಿಸ್ಲಿಲ್ಲಮ್ಮ!"

ಮೈಕಕ್ಕ ಗರಕ್ಕನೆ ತಿರುಗುತ್ತಾರೆ. "ಕೇಳಿಸ್ಲಿಲ್ವಾ? ಕಿವಿ ಮನೇಲಿ ಬಿಟ್ಟು ಬಂದ್ರಾ? ಆಸ್ಪತ್ರೆ! ಆಸ್ಪತ್ರೆ! ಇಳಿಯೋರು ನಿಧಾನಕ್ಕೆ ಇಳೀರಿ! ಹುಷಾರಾಗಿ ಹೋಗಿ, ಹುಷಾರಾಗಿ ವಾಪಸ್ ಬನ್ನಿ!"

ಕಿಟಕಿ ಗಾಜುಗಳು ಅದುರುತ್ತವೆ. ಸಂತೋಷ ತಡೆಯಲಾರದೆ ಈಗಿನ ಡ್ರೈವರ್ ಹಾರ್ನ್ ಒತ್ತಿಬಿಡುತ್ತಾರೆ.

"ರೀ! ಬೋರ್ಡ್ ಕಾಣಲ್ವಾ? ಇಲ್ಲಿ ಹಾರ್ನ್ ಹೊಡೀಬಾರ್ದು! ನಮ್ಮಣ್ಣ ಒಂದಿನಾನೂ ಹೊಡೀಲಿಲ್ಲ!" ಬೈಯುತ್ತಲೇ ಮೈಕಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಟಿಕೆಟ್ ಯಂತ್ರ ಒರೆಸುವ ನಾಟಕ ಇವತ್ತಿಲ್ಲ.

ಸಂಶೋಧಕಿ ಫೋನ್ ತೋರಿಸಿ ಕೇಳುತ್ತಾರೆ: "ನಮಗೆ ಬೇಕಾಗಿದ್ದು ಸಿಕ್ತು ಅಕ್ಕ. ರೆಕಾರ್ಡಿಂಗ್ ನಿಲ್ಲಿಸ್ಲಾ?"

"ಇರಮ್ಮ, ಅದೇನು ಅವಸರ?" ಮೈಕಕ್ಕ ಸೀಟಿಯನ್ನು ಹಲ್ಲಿನ ನಡುವೆ ಸಿಕ್ಕಿಸಿಕೊಳ್ಳುತ್ತಾರೆ. "ಡಿಪೋ ಇನ್ನೂ ಬಂದಿಲ್ಲ. ಹತ್ತಿಸ್ಕೊಂಡೋರನ್ನ ಮುಟ್ಟಿಸ್ದೆ ನಾನು ಯಾವತ್ತೂ ಮುಗಿಸಿಲ್ಲ."