ಪ್ರೆಸ್ಸಿನ ಕೆಳಗೆ ನನ್ನ ಕೈ

ನಮ್ಮ ಚೀಫ್ ಎಂಜಿನಿಯರ್ ಬಲಗೈಯಲ್ಲಿ ಇದ್ದದ್ದು ಮೂರೇ ಬೆರಳು. ಆ ಮೂರರಲ್ಲಿ ಕಾಲರ್ ಹಿಡಿದರೂ ಅಂಗಿಯ ಗುಂಡಿ ಕಿತ್ತು ಬರುತ್ತಿತ್ತು. ನನ್ನ ಎರಡು ಅಂಗಿ ಹಾಗೇ ಹೋದವು.

ಹೂಟಗಳ್ಳಿಯ ನಮ್ಮ ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸುಗಳನ್ನು ನಡೆಸುವ ಸರ್ಕ್ಯೂಟ್ ಬೋರ್ಡ್ ಮಾಡುತ್ತಿದ್ದೆವು. ಹೊಸ ಬೋರ್ಡ್ ಬಂದರೆ, ಡಿಸೈನ್ ಮಾಡಿದವನೇ ಮೊದಲು ಪ್ರೆಸ್ಸಿನ ಕೆಳಗೆ ಕೈಯಿಟ್ಟು ತಗಡು ಕೂರಿಸಬೇಕು. ಇದು ಚೀಫ್ ಮಾಡಿದ ಕಟ್ಟಳೆ. ತೊಂಬತ್ತರ ದಶಕದ ಕೊನೆಗೊಮ್ಮೆ ತಮ್ಮದೇ ಬೋರ್ಡ್ ಹಾಕಿದ ಪ್ರೆಸ್ಸಿಗೆ ತಾವೇ ಕೈಯಿಟ್ಟರು. ಆ ಬೋರ್ಡಿನಲ್ಲಿ ಎರಡು ತಾಮ್ರದ ಗೆರೆಗಳು ತೀರಾ ಹತ್ತಿರ ಓಡಿದ್ದವು. ಒಂದರ ಸಿಗ್ನಲ್ ಇನ್ನೊಂದಕ್ಕೆ ಹಾರಿ, ಯಾರೂ ಗುಂಡಿ ಒತ್ತದೆಯೇ ಪ್ರೆಸ್ ಇಳಿಯಿತು. ರಕ್ತ ನನ್ನ ಮುಖಕ್ಕೆ ಚಿಮ್ಮಿತು. "ಬೋರ್ಡ್ ಬಿಚ್ಚಿಡ್ರೋ, ಯಾರೂ ಮುಟ್ಬೇಡಿ" ಅಂದವರೇ ಕುಸಿದರು.

ಇಂಥ ತಪ್ಪನ್ನು ಕಂಪ್ಯೂಟರಿನಲ್ಲೇ ಮೊದಲೇ ಹಿಡಿಯುವ ಸಾಫ್ಟ್‌ವೇರ್ ಕೊಳ್ಳಬೇಕೆಂದಾಯಿತು. ಮಾರುವವರು ಇಬ್ಬರು ಬಂದರು. ಚೀಫ್ ಇಬ್ಬರಿಗೂ ಅದೇ ಬೋರ್ಡಿನ ನಕ್ಷೆ ಕೊಟ್ಟರು. "ನನ್ನ ಬೆರಳು ತಿಂದ ಗೆರೆ ಯಾವ್ದು? ತೋರಿಸಿದ್ದನ್ನ ತಗೋತೀವಿ" ಅಂದರು.

ಮೊದಲನೆಯದು ಎರಡು ದಿನ ತಿಣುಕಿ, ಅಂಕಿಗಳ ಉದ್ದ ಪಟ್ಟಿಯಲ್ಲಿ ಆ ಗೆರೆ ಹಿಡಿಯಿತು. ಬರೀ ತಲೆನೋವು. ಎರಡನೆಯದು ಬಣ್ಣಬಣ್ಣ, ಬಲು ಸಲೀಸು. ದಿನಾ ಅದರ ಮುಂದೆ ಕೂರಬೇಕಾದವನು ನಾನು, ಅದೇ ಬರಲಿ ಅಂತ ಆಸೆಯಾಯಿತು. ಅದನ್ನು ಮಾರುವವನ ಜೊತೆ ಮಸಾಲೆದೋಸೆ ತಿನ್ನುತ್ತಾ ಗೆರೆ ಯಾವುದೆಂದು ಹೇಳಿಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ!

ಮಾರನೇ ದಿನ ಪರದೆಯಲ್ಲಿ ಸರಿಯಾಗಿ ಅದೇ ಜಾಗ ಕೆಂಪಾಯಿತು. ಚೀಫ್ ಮೆತ್ತಗೆ, "ಆ ಗೆರೇನ ಇನ್ನೊಂದು ಮೂಲೆಗೆ ಎಳೀರಿ" ಅಂದರು. ಅವನು ಎಳೆದ. ಗೆರೆ ಹೋಯಿತು, ಕೆಂಪು ಮಾತ್ರ ಅಲ್ಲೇ ಕೂತಿತ್ತು. ಸಾಫ್ಟ್‌ವೇರ್ ಏನನ್ನೂ ಹಿಡಿದಿರಲಿಲ್ಲ, ಅವನೇ ಬಣ್ಣ ಬಳಿದು ತಂದಿದ್ದ.

ಚೀಫ್ ಸುತ್ತಿಗೆಯಲ್ಲಿ ಮಾನಿಟರಿಗೆ ಬಾರಿಸಿದರು. ಗಾಜು ಸಿಡಿಯಿತು, ಅವನು ಬ್ಯಾಗು ಬಿಟ್ಟು ಓಡಿದ.

"ಯಾವನೋ ಹೇಳಿದ್ದು?"

"ನಾನೇ ಸಾರ್."

ಕೆನ್ನೆಗೆ ಬಿತ್ತು, ತುಟಿ ಒಡೆಯಿತು. ದರದರ ಎಳೆದುಕೊಂಡು ಹೋಗಿ ನನ್ನ ಕೈಯನ್ನು ಪ್ರೆಸ್ಸಿನ ಕೆಳಗೆ ಅದುಮಿ ಹಿಡಿದರು. "ಕೆಂಪು ನೋಡ್ಬೇಕಾ ನಿಂಗೆ? ತೋರಿಸ್ತೀನಿ ನೋಡು!" ಅಂತ ಗುಂಡಿ ಒತ್ತಿಯೇಬಿಟ್ಟರು.

ಪ್ರೆಸ್ ಇಳಿಯಲಿಲ್ಲ. ಮೇನ್ ಸ್ವಿಚ್ ಆಫ್ ಆಗಿದ್ದದ್ದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನನ್ನ ಪ್ಯಾಂಟು ಒದ್ದೆಯಾಗಿತ್ತು. "ಇದನ್ನ ಮರೀಬೇಡ ಕಣೋ," ಅಂದರು. "ದಿನಾ ಇದ್ರ ಕೆಳಗೆ ಕೈಯಿಡೋನಿಗೆ ಸ್ವಿಚ್ ಆನ್ ಆಗೇ ಇರುತ್ತೆ."

ತಲೆನೋವಿನದನ್ನೇ ಕೊಂಡೆವು. ಪಕ್ಕದಲ್ಲಿ ಕೂತು ಬೈದು ಬೈದು ಕಲಿಸಿದವರೂ ಅವರೇ.

ಕೆಲವು ವರ್ಷಗಳಾದ ಮೇಲೆ ಎದೆನೋವಿನಲ್ಲಿ ಹೋದರು. ಜಯಲಕ್ಷ್ಮಿಪುರಂ ಮನೆಯಲ್ಲಿ ವಿಭೂತಿ ಬಳಿದು ಕೂರಿಸಿದ್ದರು. ಎಲ್ಲರೂ ಕಾಲು ಮುಟ್ಟಿದರು, ನಾನು ಆ ಮೂರು ಬೆರಳಿನ ಕೈ ಹಿಡಿದುಕೊಂಡು ಅತ್ತೆ. ಆ ದಿನ ಮಾಡಿದ್ದನ್ನು ಇವತ್ತಿಗೂ ಕ್ಷಮಿಸಿಲ್ಲ. ಆದರೂ ಹೊಸ ಬೋರ್ಡ್ ಬಂದಾಗ ಸ್ವಿಚ್ ಆನ್ ಮಾಡಿಸಿ, ಮೊದಲು ನನ್ನ ಕೈಯನ್ನೇ ಇಡುತ್ತೇನೆ. ಹತ್ತೂ ಬೆರಳು ಇನ್ನೂ ಇವೆ.